ಹದಿಮೂರನೆಯ ಸೋಪು

ಬಾಲ್ಟಿಕ್ ದಂಡೆಯ ಗ್ದಿನ್ಯಾ. ಜನವರಿ.
ಬಂದರಿನ ಬೆನ್ನಿಗೆ ಅಂಟಿಕೊಂಡ ಅಂಗಡಿಯಲ್ಲಿ
ಹೊಸ ಹಲಗೆಗಳು ಬಂದು ಮೂರು ವಾರ.
ಪ್ರತಿ ಹಲಗೆಯ ಹೊಟ್ಟೆಯಲ್ಲೂ ಒಂದೊಂದು ತಕ್ಕಡಿ,
ಮುಳ್ಳಿಲ್ಲ, ತಟ್ಟೆಯಿಲ್ಲ, ತೂಗುವವನ ಹುಬ್ಬಿಲ್ಲ.
ಬಾಟಲಿ ಎತ್ತಿದರೆ ಗೊತ್ತು, ಇಟ್ಟರೆ ಗೊತ್ತು,
ಎತ್ತಿ, ಬೆಲೆ ನೋಡಿ, ಉಸ್ಸೆಂದು ಇಟ್ಟರೂ ಗೊತ್ತು;
ಉಸ್ಸೆಂದದ್ದು ಮಾತ್ರ ಗೊತ್ತಿಲ್ಲ.

ಬೊಗ್ನಾ ಇಲ್ಲಿ ರಾತ್ರಿಪಾಳಿ, ಹತ್ತೊಂಬತ್ತು ವರ್ಷ.
ಮೊದಲೆಲ್ಲ ಮೊಣಕೈವರೆಗೆ ತೋಳು ತೂರಿಸಿ
ಹಸುವಿಗೆ ಹೆರಿಗೆ ಮಾಡಿಸುವವಳ ಹಾಗೆ
ಹಲಗೆಯ ಹಿಂಬದಿ ತಡವಿ ಎಣಿಸುತ್ತಿದ್ದಳು:
ಬೀಟ್‌ರೂಟ್ ಸೀಸೆ ಆರು, ಸೌತೆಯ ಉಪ್ಪಿನಕಾಯಿ ಎರಡು,
ಗಸಗಸೆ ಪೊಟ್ಟಣ ಹರಿದದ್ದು ಒಂದು.
ಬೆರಳಿಗೇ ಲೆಕ್ಕ ಬರುತ್ತಿತ್ತು.
ಈಗ ಸೊಂಟದಲ್ಲೊಂದು ಯಂತ್ರ. ಕುಂಯ್ ಎನ್ನುತ್ತದೆ.
ಏಳನೇ ಸಾಲು, ಮೂರನೇ ಹಲಗೆ, ಇಂತಿಷ್ಟು ತನ್ನಿ.
ತರುತ್ತಾಳೆ.

ನಮ್ಮ ಕಣದಲ್ಲಿ ರಾಶಿ ಅಳೆಯುವಾಗ
ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ.
ಎಣಿಕೆಯೇನಿದ್ದರೂ ಎರಡರಿಂದ.
ಈ ಹಲಗೆಗೆ ಆ ಸಂಕೋಚವಿಲ್ಲ.
ಒಂದು ಎಂದರೆ ತೊಂಬತ್ತು ಗ್ರಾಂ. ಸೋಪು.

ಆ ಗುರುವಾರ ಸಂಜೆ ಆರಕ್ಕೆ
ಹನ್ನೆರಡು ಸೋಪು ಹೊತ್ತ ಹಲಗೆ ಹದಿಮೂರು ಎಂದಿತು.
ವಾರ್ಸಾದ ಕಚೇರಿ ತಕರಾರು ಮಾಡಲಿಲ್ಲ.
ಹೆಚ್ಚಾದರೆ ಯಾರು ಕೇಳುತ್ತಾರೆ? ಬರೆದುಕೊಂಡಿತು.

ರಾತ್ರಿ ಎರಡು ಹತ್ತಕ್ಕೆ ಹನ್ನೆರಡು.
ಯಂತ್ರ ಕೆಂಪಾಯಿತು: ಕಳವು.

ಅಂಗಡಿಯಲ್ಲಿದ್ದದ್ದು ಇಬ್ಬರೇ:
ಬೊಗ್ನಾ, ಮತ್ತೆ ಬಾಗಿಲ ಕಾವಲಿನ ಜೆನೋನ್,
ಹೀಟರಿಗೆ ಬೂಟು ಒಡ್ಡಿ, ಪದಬಂಧದಲ್ಲಿ
ಐದಕ್ಷರದ ನದಿ ಹುಡುಕುತ್ತಿದ್ದವ.
"ನೀನಾ?" ಎಂದಳು.
"ಸೋಪು? ನಾನಾ?" ಎಂದ.
ಅವನ ಕಾಲರು ನೋಡಿ ನಂಬಿದಳು.

ಟಾರ್ಚು ಹಿಡಿದು ಮೊಣಕಾಲೂರಿದಳು.
ಕೈ ಮರೆತಿರಲಿಲ್ಲ, ತಾನಾಗಿ ಒಳಗೆ ಹೋಯಿತು.
ಹತ್ತು, ಹನ್ನೊಂದು, ಹನ್ನೆರಡು. ಸರಿಯಾಗಿದೆ.
ಆಮೇಲೆ ಮೂಲೆಯಲ್ಲಿ ಏನೋ ಮೆತ್ತಗೆ,
ಇಲಿ ಎಂದು ಹಿಂತೆಗೆದಳು.
ಇಲಿಯಲ್ಲ. ಮಗುವಿನ ಉಣ್ಣೆಗವಸು, ಎಡಗೈಯದು,
ಹೆಬ್ಬೆರಳಿಗೆ ಬೇರೆ ಬಣ್ಣದ ತೇಪೆ.

ಹಿಮದಲ್ಲಾಡಿ ನೆನೆದು ಬಂದಾಗ ಸೋಪಿನಷ್ಟು ತೂಗಿತ್ತು.
ಅಮ್ಮ ಶಾಂಪೂ ಆಯುತ್ತಿದ್ದಾಗ
ಮಗು ಬಿಚ್ಚಿ ತುರುಕಿರಬೇಕು.
ಎಂಟು ತಾಸು, ಗುಲಗಂಜಿ ಗುಲಗಂಜಿಯಾಗಿ
ನೀರು ಹಾರಿತು. ಯಾವುದೋ ಒಂದು ಹನಿಗೆ,
ಎರಡು ಹತ್ತಕ್ಕೆ,
ಸೋಪು ಸೋಪಾಗಿ ಉಳಿಯಲಿಲ್ಲ.

ಇದನ್ನು ಬರೆಯಲು ಯಂತ್ರದಲ್ಲಿ ಜಾಗವಿಲ್ಲ.
ಕಾರಣ ಆರಿಸಿ, ಎನ್ನುತ್ತದೆ: ಒಡೆದಿದೆ,
ಅವಧಿ ಮೀರಿದೆ, ಕಳುವಾಗಿದೆ.
ಒಣಗಿದೆ ಎಂಬುದಿಲ್ಲ.
ಫೋನಿನಲ್ಲಿ ವಾರ್ಸಾದ ಹುಡುಗ, ನಿದ್ದೆಯ ಗಂಟಲು:
"ಪಾನಿ ಬೊಗ್ನಾ, ಹದಿಮೂರಿತ್ತು. ಹಲಗೆ ಸುಳ್ಳು ಹೇಳುವುದಿಲ್ಲ."
"ಸುಳ್ಳಲ್ಲ ತಮ್ಮಾ, ಒದ್ದೆ."
ಕೇಳಿಸಲಿಲ್ಲವೋ, ಅರ್ಥವಾಗಲಿಲ್ಲವೋ,
ಮೂರು ಪುಟದ ಫಾರಂ ಕಳಿಸುತ್ತೇನೆ ಎಂದ.

ಮೂರು ಪುಟ ಯಾರು ತುಂಬುತ್ತಾರೆ.
ಜೇಬಿನಿಂದ ನಾಲ್ಕು ಜ್ವೋತಿ ಎಂಬತ್ತು ತೆಗೆದು
ಗಲ್ಲಾಕ್ಕೆ ಹಾಕಿದಳು. ಬಿಲ್ಲು ಬಂತು:
ಸೋಪು, ಲ್ಯಾವೆಂಡರ್, ಒಂದು.
ಹಲಗೆ ಶಾಂತವಾಯಿತು, ವಾರ್ಸಾ ಶಾಂತವಾಯಿತು.
ಇಲ್ಲದ ಸೋಪನ್ನು ಕೊಂಡವಳು
ಇದ್ದ ಗವಸಿನೊಳಗೆ ಬಿಲ್ಲು ಮಡಚಿಟ್ಟು
ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು.

ಯಾರು ಒಯ್ದರೋ, ಅವಳ ಪಾಳಿಯಲ್ಲಲ್ಲ.
ಮಂಗಳವಾರ ಬಂದಾಗ ಮೊಳೆ ಬರಿದು,
ಬಿಲ್ಲು ನೆಲದಲ್ಲಿ, ಮೇಲೊಂದು ಪುಟ್ಟ ಬೂಟಿನ ಗುರುತು.

ಅಂದು ಬೆಳಗಿನ ನಾಲ್ಕಕ್ಕೆ, ಮೊದಲ ಟ್ರಾಲಿಬಸ್ಸಿಗೂ ಮುಂಚೆ,
ಸೊಂಟ ಹಿಡಿದು, ಖಾಲಿ ಹಲಗೆಗೆ ಅಂಗೈಯೂರಿ ನಿಂತಳು.
ಕುಂಯ್. ನಾಲ್ಕು ಸೋಪು ಎಂದಿತು ಯಂತ್ರ.
ಇನ್ನಷ್ಟು ಭಾರ ಬಿಟ್ಟಳು. ಒಂಬತ್ತು.
ಕಣ್ಣು ಮುಚ್ಚಿ ಇನ್ನೂ ಸ್ವಲ್ಪ. ಹದಿನಾಲ್ಕು,
ದಾಸ್ತಾನು ಭರ್ತಿ, ತರುವುದು ಬೇಡ.
"ಬ್ಜೂರಾ!" ಎಂದು ಬಾಗಿಲಿಂದ ಕೂಗಿದ ಜೆನೋನ್,
"ಬೊಗ್ನಾ, ಸಿಕ್ಕಿತು, ಬ್ಜೂರಾ!"