ಬಲಗಿವಿಗೆ ನಾಕು ಹನಿ

ಕುಸುಬಿ ಎಣ್ಣಿ ಸೌಟಿನ್ಯಾಗ ಕಾಯಬೇಕು,
ಹೊಗಿ ಏಳಬಾರದು.
ಜಜ್ಜಿದ ಬಳ್ಳೊಳ್ಳಿ ಎಸಳು ಮೂರು,
ಚಿಟಿಕಿ ಅಜವಾನ.
ಎಸಳು ಗೋದಿ ಬಣ್ಣಕ್ಕ ತಿರಗಿದ ಕೂಡ್ಲೇ ಇಳಸು,
ಕರ್ರಗಾತಂದ್ರ ಅದು ಔಷಧ ಅಲ್ಲ, ಒಗ್ಗರಣಿ.
ಇದು ನಮ್ಮ ಲಗಮವ್ವ ಆಯಿಯ ಲೆಕ್ಕ.

ಬಿಸಿ ನೋಡಾಕ
ಮೊದಲ ತನ್ನ ಮಣಿಕಟ್ಟಿಗೆ ಒಂದು ಹನಿ,
ಆಮ್ಯಾಲ ನನ್ನ ಮಣಿಕಟ್ಟಿಗೆ ಒಂದು,
ಉಳದ ನಾಕು ಅಜ್ಜನ ಬಲಗಿವಿಗೆ.

ಅದೇನು ಕಿವಿ!
ಹಿಸಗಿ ಒಗದ ಹಿಟ್ಟಿನ ಉಂಡಿ.
ಜತ್ತದ ತಾಲೀಮಿನ ಕೆಂಪು ಮಣ್ಣಾಗ
ಇಪ್ಪತ್ತು ವರ್ಷ ಮಂದಿ ತಲಿಗೆ ತಲಿ ತಿಕ್ಕಿ
ಮಡಿಕಿ ಎಲ್ಲ ಮುಚ್ಚಿ
ನಡುವ ಒಂದು ತೂತು ಉಳದಿತ್ತು,
ಇರಿವಿ ಗೂಡಿನ ಬಾಗಿಲದಷ್ಟು.
"ಬಳ್ಳೊಳ್ಳಿ ಗಡ್ಡಿ ಬಿಚ್ಚಿದ್ರ ಎಸಳಾರ ಬರತಾವ,
ಈ ಗಡ್ಡಿ ಬಿಚ್ಚಾಕ ಬರೂದಿಲ್ಲ"
ಅಂತ ಆಯಿ ನಗತಿದ್ಲು.

ಉಮದಿ ಸಂತ್ಯಾಗ ಲಸೂಣ ಅಂತ ಕೊಂಡದ್ದು
ನಮ್ಮ ಹೊಸ್ತಲಾ ದಾಟೂದ್ರಾಗ ಬಳ್ಳೊಳ್ಳಿ ಆಗತಿತ್ತು.
ನಮ್ಮವ್ವ ನನ್ನ ಹಡದಾಗ
ತುಪ್ಪದಾಗ ಹುರದ ಗಡ್ಡಿ, ಇಪ್ಪತ್ತೊಂದು ದಿನ.
"ನೀ ಕುಡದದ್ದು ಹಾಲಲ್ಲ, ಒಗ್ಗರಣಿ"
ಅಂತ ಈಗೂ ಅಂತಾಳ.
ಕೋಳಿ ತೂಕಡಿಸಿದ್ರ ಒಂದು ಎಸಳು ನುಂಗಸು.
ಕೆಮ್ಮಿದ್ರ ಸುಟ್ಟು ಜೇನಾಗ ಕಲಸು.
ಕಾಕಾಗ ಚೇಳು ಕಡದಾಗ
ರಾತ್ರಿಯೆಲ್ಲ ತಿಕ್ಕಿದ್ದೇ ತಿಕ್ಕಿದ್ದು.
ಬೆಳಗಾಗೂದ್ರಾಗ ಇಳೀತು.
ಬಳ್ಳೊಳ್ಳಿಗೆ ಇಳೀತೋ
ಬೆಳಗಾದದ್ದಕ್ಕ ಇಳೀತೋ
ಯಾರೂ ಕೇಳಲಿಲ್ಲ.

ಅಜ್ಜ ಕಿವಿ ಹಂಚಿಕೊಂಡಿದ್ದ.
ತಲಾಠಿ ಬಂದ್ರ, ಬ್ಯಾಂಕಿನವರು ಬಂದ್ರ
ಎಡಗಿವಿ ಮುಂದ ಮಾಡಿ ಮರಾಠಿ ಕೇಳತಿದ್ದ.
ಆಯಿ ಬಾಯಿ ತಗದ್ರ
ಹಗೂರಕ ಬಲಕ್ಕ ಹೊರಳತಿದ್ದ.
ಮನ್ಯಾಗಿನ ಕನ್ನಡಾ ಎಲ್ಲಾ
ಆ ಮುಚ್ಚಿದ ಕಿವೀ ಪಾಲು.

ಕೀವು ಸೋರಿ ದಿಂಬು ತೊಯ್ದ ಮ್ಯಾಲ
ಯಸ್ಟಿ ಹತ್ತಿ ಮಿರಜಕ್ಕ ಹ್ವಾದಿವಿ.
ಡಾಕ್ಟರ ಬಾಯಿ ಬ್ಯಾಟರಿ ಹಿಡದು ನೋಡಿದ್ಲು,
ಮೂಸಿ ನೋಡಿದ್ಲು.
"ಲಸೂಣ?"
"ಹೂಂ" ಅಂದ ಅಜ್ಜ.
"ಪಡದಾ ಫಾಟಲಾ ಆಹೆ. ಕಾನಾತ ತೇಲ ಘಾಲೂ ನಕಾ."
ಅಜ್ಜಗ ಕೇಳಿಸಿತ್ತು, ಆಯಿಗೆ ತಿಳೀಲಿಲ್ಲ.
ನಾನು ಹೇಳಬೇಕಾತು:
ಕಿವೀ ಪಡದೆ ಹರದೈತಂತ.
ಎಣ್ಣಿ ಹಾಕಬ್ಯಾಡ್ರೆಂತ.
ಬಳ್ಳೊಳ್ಳಿ ರೊಟ್ಟಿ ಸಂಗಾಟ ತಿನ್ನಾಕ ಚಲೋ ಐತಂತ.
ಕಡೀ ಮಾತು ನಾನ ಸೇರಿಸಿದ್ದು.

ಬಸ್ಸಿನ್ಯಾಗ ಆಯಿ ಬೆರಳು ಮಡಚಿ ಎಣಸತಿದ್ಲು.
ಮೂವತ್ತು ವರ್ಷ. ದಿನಾ ಸಂಜಿ. ನಾಕು ಹನಿ.
ಕವಠೆಮಹಾಂಕಾಳ ದಾಟಿದ ಮ್ಯಾಲ
ಕಿಡಕ್ಯಾಗ ಮಾತಾಡಿದಂಗ ಅಂದ್ಲು,
"ನಾನ ಕೆಡಿಸಿದ್ನೇನ?"

ಆಕಿ ಕುಂತದ್ದು ಎಡಕ್ಕ.
ಅಜ್ಜ ಟಿಕೀಟು ಸುರುಳಿ ಮಾಡಕೋತ
ಭಾಳ ಹೊತ್ತಿನ ಮ್ಯಾಲ ಅಂದ:
"ಅದು ಕುಪವಾಡದ ಪೈಲವಾನನ ಮೊಣಕಾಲು.
ನಿಂದಲ್ಲ."

ಮರುದಿನ ಸಂಜಿ
ಸೌಟು ಒಲಿ ಮ್ಯಾಲ ಇಟ್ಟಿದ್ಲು, ಕೈ ರೂಢಿ.
ಎಸಳು ಗೋದಿ ಬಣ್ಣಕ್ಕ ತಿರಗಿದ್ವು.
ತನ್ನ ಮಣಿಕಟ್ಟಿಗೆ ಒಂದು,
ನನ್ನ ಮಣಿಕಟ್ಟಿಗೆ ಒಂದು,
ಆಮ್ಯಾಲ ಸೌಟು ಹಿಡಕೊಂಡು ಹಂಗ ನಿಂತ್ಲು,
ದಾರಿ ತಪ್ಪಿದವರಂಗ.

ಅಜ್ಜ ಜ್ವಾಳದ ರೊಟ್ಟಿ ಮುರದ.
ಶೇಂಗಾ ಚಟ್ನಿ ನಡುವ ಬಟ್ಟಲೆ ಒಂದು ಕುಣಿ ಮಾಡಿ
"ಹಾಕ ಇಲ್ಲಿ" ಅಂದ.
ಚುಂಯ್ ಅಂತು.
ಒಂದು ತುತ್ತು ತಿಂದು
ಎಡಕ್ಕ ಹೊರಳಿ ಕುಂತ, ಆಕಿ ಕಡೆ.
"ಈಗ ಏನ ಬೈತಿ, ಬೈ."

ಆಯಿ ಸೆರಗಿಲೆ ಸೌಟು ವರಸಿದ್ಲು.
"ಉಪ್ಪ ಬೇಕೇನ?"