ಹಿಟ್ಟಿನ ಮ್ಯಾಲಿನ ಗೆರಿ

ಬೆಟಗೇರಿಯ ಮೋನೇಶನ ಗಿರಣಿ ರವಿವಾರ ಬಂದ್.
ಪಟ್ಟಾ ಇಳಿಬಿದ್ದದ, ಕಲ್ಲು ತಣ್ಣಗದ.
ಹಿಟ್ಟಿಗೆ ಮಾತ್ರ ಸೂಟಿ ಇಲ್ಲ,
ಕಿಡಕಿ, ಕ್ಯಾಲೆಂಡರು, ತಕ್ಕಡಿ, ಮೋನೇಶನ ಹುಬ್ಬು,
ಎಲ್ಲಾದರ ಮ್ಯಾಲೂ ಕೂತದ.

ಹಲಗಿ ಮ್ಯಾಲಿನ ಆ ಹಿಟ್ಟಿನಾಗ ಬೆರಳಿಂದ
ಉದ್ದಕೊಂದು ಗೆರಿ ಎಳೆದ.
ಒಂಬತ್ತು ಅಡ್ಡಗೆರಿ ಕೊರೆದ:
'ತ್ರಿಸಂಧ್ಯಾ' ಮಾಲಿಕೆಯ ಒಂಬತ್ತು ಪುಸ್ತಕ,
ಮೂರು ಸೂರ್ಯರ ಲೋಕದ ನೂರಾ ಹತ್ತು ವರ್ಷ.
"ಈಗ ಹೇಳ್ರಿ. 'ಕಾವಲು' ಎಲ್ಲಿ ಕೂಡ್ರತದ?"

'ಕಾವಲು' ಪುಸ್ತಕ ಅಲ್ಲ.
ಒಂದ ಒಂದು ರಾತ್ರಿ ರೇಡಿಯೋದಾಗ ಬಂದು ಹೋದ
ನಲವತ್ತು ನಿಮಿಷದ ನಾಟಕ.
ಹಸ್ತಪ್ರತಿ ಸಿಕ್ಕಿಲ್ಲ. ಬರೆದಾತ ಈಗಿಲ್ಲ.
ಉಳಿದದ್ದು ಒಂದು ಕ್ಯಾಸೆಟ್ಟು, ನಮ್ಮನೀದು,
ಅದರ ನಕಲಿನ ನಕಲು ಇವರೆಲ್ಲಾರ ಮೊಬೈಲಿನಾಗ.

ಇಮಾಮಹುಸೇನ ಮಾಸ್ತರು ಚಸ್ಮಾ ಒರಸಿಕೊಂಡರು:
"ಮೂರನೇದರಾಗ ಕಪ್ತಾನ ಧರಣೇಂದ್ರನ ಎಡಗೈ ಹೋತು.
ನಾಟಕದಾಗ ಅಂವ ಚಪ್ಪಾಳಿ ಹೊಡೀತಾನ.
ಒಂದ ಕೈಲೆ ಚಪ್ಪಾಳಿ ಆಗತದೇನು?
ಅಂದಮ್ಯಾಲೆ ಮೂರಕ್ಕಿಂತ ಮೊದಲ. ಮುಗೀತು."

"ತೊಡಿ ಬಡಕೊಂಡಿರಬೇಕು," ಅಂದಳು ಸಾವಂತ್ರಿ,
ನೇಕಾರ ಓಣಿಯಾಕಿ, ಒಂಬತ್ತೂ ಬಾಯಿಪಾಠ.
"ರೇಡಿಯೋದಾಗ ತೊಡಿ ಕಾಣಸ್ತದೇನ್ರಿ ಸರ?"
ತನ್ನ ತೊಡಿ ತಾನ ಬಡದು ತೋರಿಸಿದಳು.
ಹಿಟ್ಟು ಎದ್ದಿತು. ಮಾಸ್ತರು ಸೀನಿದರು.

"ದನಿ ಕೇಳ್ರಿ, ದನಿ. ನಡಕಿಂದ ಮುಂದ
ಕಪ್ತಾನನ ಮಾತು ತೆಳ್ಳಗಾಗ್ತಾವ, ಚುರುಕಾಗ್ತಾವ,
ಕಡೀಕ ಮೀಸಿ ಮೂಡದ ಹುಡುಗನಂಗ.
ಎಂಟನೇದರಾಗ ಹಿಂದಕ್ಕ ಹರಿಯೋ ಹಳ್ಳದ ನೀರು
ಕುಡದವರಿಗೆ ಪ್ರಾಯ ಬರತಿತ್ತಲ್ಲ?
ಇದು ಅದರ ಪ್ರತಾಪ. ಎಂಟರ ನಂತರ ಇಡ್ರಿ.
ಇಲ್ಲಾಂದ್ರ ಆ ಕೂಸಿಗೆ ಏನಂತೀರಿ?"

ಆ ಕೂಸು.
ಇಪ್ಪತ್ತೆರಡನೇ ನಿಮಿಷಕ್ಕ ಒಂದು ಸಣ್ಣ ದನಿ
"ದೀಪ ಹೋತು" ಅಂತದ.
ಮತ್ತೆಲ್ಲೂ ಬರೂದಿಲ್ಲ.
ಮೂರನೇ ಸೂರ್ಯ ಆರಿದ್ದು ಆರನೇ ಪುಸ್ತಕದಾಗ,
ಅದನ್ನ ಮೊದಲು ಕಂಡಾಕಿ ಇಕೀನ ಅಂತ
ಮೋನೇಶ ಹನ್ನೊಂದು ಪುಟ ಬರದಾನ.
ಹೆಸರೂ ಇಟ್ಟಾನ: ಸಂಧ್ಯವ್ವ.

ನಾ ಚಾದ ಲೋಟ ಕೆಳಗಿಟ್ಟೆ.
"ಅದು ನಾನು," ಅಂದೆ.
"ಒಂಬತ್ತು ವರ್ಷದಾಕಿ. ಮುಳಗುಂದ ನಾಕಾದ ಬಾಡಗಿ ಮನಿ.
ಅಪ್ಪ ರೇಡಿಯೋದ ಮುಂದ ಟೇಪ್ ಇಟ್ಟಿದ್ದ,
ಕರೆಂಟ್ ಹೋತು, ನಾ ಬಾಯಿಬಿಟ್ಟೆ,
ಅಪ್ಪ ನನ್ನ ಬಾಯಿಗೆ ಅಂಗೈ ಒತ್ತಿದ.
ಆಮ್ಯಾಲೆ ಟೇಪ್ ಹಳೇ ಸೆಲ್ಲಿನ ಮ್ಯಾಲೆ ಓಡ್ತು, ಕುಂಟಿಕೋತ.
ಕುಂಟಿ ತುಂಬಿಕೊಂಡದ್ದು ಈಗ ಓಡಿ ಬರತದ.
ಕಪ್ತಾನಗ ಪ್ರಾಯ ಬಂದಿಲ್ಲ."

ಯಾರೂ ಮಾತಾಡಲಿಲ್ಲ.
ಸಾವಂತ್ರಿ ನನ್ನ ನೋಡಿದಳು, ಗೆರಿ ನೋಡಿದಳು.
"ಅಕ್ಕಾರ, ಅದು ನಿಮ್ಮ ಅಭಿಪ್ರಾಯ.
ಕರೆಂಟಿನ ಸುದ್ದಿ ಒಂಬತ್ತರಾಗ ಎಲ್ಲೂ ಇಲ್ಲ."
ಮಾಸ್ತರು ಮೆಲ್ಲಕ, ಸಾಲ್ಯಾಗ ತಪ್ಪು ತಿದ್ದೋ ದನಿಯೊಳಗ:
"ದನಿ ನಿಮ್ಮದ ಇರಬಹುದವ್ವಾ.
ಆದರ ಮಾತು ಅಕೀದು."

ಆವಾಗ ಬಾಗಿಲು ದೂಡಿಕೊಂಡು ಕಲ್ಲವ್ವ ಬಂದಳು,
ತಲಿ ಮ್ಯಾಲೆ ಜೋಳದ ಡಬ್ಬಿ.
"ರವಿವಾರ ಅಂದ್ರ ರೊಟ್ಟಿ ತಿನ್ನೂದಿಲ್ಲೇನೋ ಮೋನ್ಯಾ?"
ಧಪ್ ಅಂತ ಇಟ್ಟಳು ಹಲಗಿ ಮ್ಯಾಲೆ.
"ಅಯ್ಯಯ್ಯ ಅಯ್ಯಯ್ಯ!" ಮೂರೂ ಮಂದಿ ಎದ್ದರು.
ಡಬ್ಬಿ ಎತ್ತಿದರ ಕೆಳಗ ಒಂದು ದುಂಡನ ಗುರುತು,
ಐದಕ್ಕೂ ಆರಕ್ಕೂ ನಡುವ,
ಆರರ ಕಡ್ಡಿ ಚೂರು ಅಳಿಸಿದಂಗ.

ನಾಲ್ಕೂ ತಲಿ ಬಗ್ಗಿ ನೋಡಿದವು, ಕಲ್ಲವ್ವನ್ನೂ ಹಿಡದು.
"ನಡೀತದ," ಅಂದ ಮೋನೇಶ. "ಇಲ್ಲಿ ಕೂಡ್ರತದ."
"ಕೂಡ್ರತದ ಖರೆ," ಮಾಸ್ತರು ಗದ್ದ ತುರಿಸಿದರು,
"ಆದರ ಆ ಕೈ? ಆ ಚಪ್ಪಾಳಿ?"

ಆ ರಾತ್ರಿ ಮನಿತುಂಬ ಸೊಳ್ಳಿ ಇದ್ದವು.
ಅಪ್ಪನ ಬೆನ್ನಿಗೆ ನಮ್ಮವ್ವ ಕೂತಿದ್ದಳು, ಕತ್ತಲದಾಗ.
ಅದನ್ನ ನಾ ಹೇಳಲಿಲ್ಲ.