ಕಡೇ ತೂಬು

ಏಳು ತಿಂಗಳಿಗೇ ಬಂತು. ತೂಕ ಸಾವಿರದ ಇನ್ನೂರ ಹತ್ತು ಗ್ರಾಂ.
ಕಾಲಿನ ಪಟ್ಟಿಯಾಗ, ಹೆಸರಿನ ಜಾಗದಾಗ
'ತಾಯಮ್ಮನ ಕೂಸು' ಅಂತ ನಾನೇ ಬರೆದಿದ್ದೆ,
ಪೆನ್ನು ಎರಡು ಸಲ ಕೈಕೊಟ್ಟಿತ್ತು.

ಹತ್ತೊಂಬತ್ತು ದಿನ ಗಾಜಿನ ಪೆಟ್ಟಿಗಿ,
ಅದರಾಗ ಹನ್ನೊಂದು ದಿನ ಮೂಗಿಗೆ ನಳಿಗಿ.
ಉಸಿರು ಉಳಿಸಿದ ಗಾಳಿಯೇ
ಕಣ್ಣಿಗೆ ಹೆಚ್ಚಾಗಿರಬಹುದು ಅಂತ
ಹಸೀ ಬಾಣಂತಿಗೆ ಹೆಂಗ ಹೇಳೋದು?
ಚೀಟಿ ಕೊಟ್ಟೆ: ಮೂವತ್ತು ದಿನದೊಳಗ, ಬುಧವಾರ, ಕಣ್ಣು ತೋರಸ್ರಿ.
ಅಕಿ ಮಡಚಿ ಕುಬಸದಾಗ ಇಟ್ಟಳು.

ಇಪ್ಪತ್ತೆರಡನೇ ದಿನದ ಬುಧವಾರ ಬರಲಿಲ್ಲ.
ಫೋನು ಎತ್ತಿದಾಕಿ ಅಜ್ಜಿ:
"ನಲವತ್ತು ದಿನ ಹೊಸ್ತಿಲು ದಾಟಂಗಿಲ್ಲವ್ವಾ.
ಕಣ್ಣು ಚಲೋ ಅದಾವ. ಕರ್ರಗ ಮಿಂಚತಾವ."
ಅಮ್ಮಾ, ಮಿಂಚೋದು ಮುಂಬಾಗಿಲು,
ರೋಗ ಇರೋದು ಹಿತ್ತಲ ಗೋಡೀಗೆ.
"ಹಿತ್ತಲಾಗ ಏನೈತಿ?" ಅಂದಳು,
ಫೋನು ಇಟ್ಟಳು.

ಇಪ್ಪತ್ತೊಂಬತ್ತು.
ಸಿರವಾರದ ಬಸ್ಸು ಇಳಿದು ಬಂದ ಆದೆಪ್ಪ,
ಟವೆಲ್ಲಿನಾಗ ಕೂಸು, ಹಿಂದ ತಾಯಮ್ಮ.
ಅಜ್ಜಿ ಇಲ್ಲ.

ಹತ್ತು ಹತ್ತು ನಿಮಿಷಕ್ಕ ಹನಿ, ಮೂರು ಸಲ, ಪಾಪೆ ಅಗಲಾಗಲಿ ಅಂತ.
ನಾಲಿಗಿ ಮ್ಯಾಲ ಸಕ್ಕರಿ ನೀರು.
ರೆಪ್ಪೆ ತೆರೆದಿಡೋ ತಂತಿ ನನ್ನ ಉಂಗುರಕ್ಕಿಂತ ಸಣ್ಣದು.
ಡಾಕ್ಟರ್ ಮುಬೀನಾ, ಹಟ್ಟಿ ಗಣಿಯಾಗ ಇಳಿಯೋರ ಹಂಗ
ಹಣೀಗೆ ದೀಪ ಕಟ್ಟಿ ಬಗ್ಗಿದರು.
ಅತ್ತಿತು. ಅಳಲಿ.
ಗಾಜಿನ ಪೆಟ್ಟಿಗ್ಯಾಗ ಅದಕ್ಕ ಅಳಾಕೂ ಬಲ ಇರಲಿಲ್ಲ.

"ಏನು ಕೆಲಸ ಮಾಡ್ತೀರಿ?"
"ಕಾಲುವಿ ಮ್ಯಾಲ ನೀರಗಂಟಿ ರೀ. ಕಡೇ ತೂಬು ನಂದು."

ಚೀಟಿ ಹಿಂದ ಒಂದು ಗುಂಡು ಗೆರಿ ಎಳೆದರು.
ನಾಳ ಅಂದರು ಮೇಡಂ, ನೆತ್ತರ ನಾಳ.
ನಾಲಾ ಅಂತ ಕೇಳಿಸಿಕೊಂಡ ಆದೆಪ್ಪ.
ಯಾರೂ ತಿದ್ದಲಿಲ್ಲ.
ನಡುವಿನಿಂದ ಹೊಂಟಾವ, ಅಂಚಿನ ತನಕ ಮುಟ್ಟಬೇಕು,
ಅವಸರದ ಕೂಸು, ಅರ್ಧಕ್ಕ ನಿಂತಾವ.
ನಿಂತಲ್ಲಿ ಒಡ್ಡು ಎದ್ದೈತಿ.
ಆಚೀ ಹೊಲ ನೀರು ನೀರು ಅಂತ ಒದರತೈತಿ,
ಆ ಒದರೋದಕ್ಕ ಒಡ್ಡಿನ ಮ್ಯಾಲ ಹುಚ್ಚು ನಾಳ ಹುಟ್ಟತಾವ,
ಅವು ಜಗ್ಗಿದರ ಪರದೀನೇ ಕಿತ್ತು ಬರತೈತಿ.

"ಹಂಗಾರ ನೀರು ಮುಟ್ಟಸ್ರಿ."
"ಆಗಂಗಿಲ್ಲ. ಆ ಕಡೇ ಹೊಲ ಸುಡಬೇಕು. ಲೇಸರ್ ಅಂತಾರ.
ಒದರೋದು ನಿಂತರ ನಡುವಿನ ಊರು ಉಳೀತೈತಿ."

ಹದಿನಾಕು ವರ್ಷ ಬ್ಯಾಟರಿ ಹಿಡಿದು,
ರಾತ್ರಿ ಪಂಪು ಇಳಿಸೋ ಮ್ಯಾಲಿನವರ ಕೂಡ ಬಡಿದಾಡಿ
ಕಡೇ ಹೊಲಕ್ಕ ನೀರು ಮುಟ್ಟಿಸಿದಾಂವ.
ಕಾಗದದ ಮ್ಯಾಲ ಪೆನ್ನು ಇಟ್ಟುಕೊಂಡೇ ಕುಂತ.
ಆಮ್ಯಾಲ ಕೇಳಿದ:
"ಎಷ್ಟು ಎಕರೆ ಹೋಗತೈತಿ?"
ಮೇಡಂ ನಗಲಿಲ್ಲ.
"ಅಂಚಿಂದು. ಓರೆಗಣ್ಣಿಗೆ ಕಾಣೋದು ಒಂಚೂರು."
ಸಹಿ ಮಾಡಿದ. ಹೆಸರಿನ ಕಡೇ ಅಕ್ಷರ ಗೆರಿ ದಾಟಿ ಹೋಗಿತ್ತು.

ಒಂದೊಂದು ಕಣ್ಣಿಗೆ ಸಾವಿರದ ಮ್ಯಾಲ ಚುಕ್ಕಿ.
ತಲಿ ಹಿಡಿದಾಕಿ ನಾನು. ಮೂಸಂಬಿಯಷ್ಟು ತಲಿ.
ಹೊರಗ ಮೇ ತಿಂಗಳ ರಾಯಚೂರು ಕಾಯುತಿತ್ತು.
ತಾಯಮ್ಮ ಬೆಂಚಿನ ತುದಿಗೆ, ಎದಿ ಸೆರಗು ಹಾಲಿಗೆ ತೊಯ್ದು.

ಎರಡು ವಾರಕ್ಕ ಒಡ್ಡು ಇಳೀತು.

ಶ್ರಾವಣದಾಗ ಅಜ್ಜಿಯೇ ಎತ್ತಿಕೊಂಡು ಬಂದಳು.
ಮೌನೇಶ ಅಂತ ಹೆಸರಿಟ್ಟಾರಂತ.
ಕೂಸು ನನ್ನ ಕೊರಳಾಗಿನ ಕೆಂಪು ದಾರ ನೋಡಿತು,
ದಾರ ಸರಿಸಿದರ ಸರಿದಲ್ಲಿಗೇ ನೋಡಿತು.
ಅಜ್ಜಿ ಮಾತ್ರ ನನ್ನ ಕಡೆ ನೋಡದೇ
"ಹಿತ್ತಲು ತೋರಸಾಕ ಬಂದೀವಿ" ಅಂದಳು.

ರಿಜಿಸ್ಟರಿನಾಗ ಅದರ ಕೆಳಗಿನ ಸಾಲು:
ಹುಲಿಗೆಮ್ಮನ ಕೂಸು, ಹೆಣ್ಣು, ಒಂಬೈನೂರ ಎಂಬತ್ತು ಗ್ರಾಂ,
ವಿಳಾಸ ಬರೀ 'ಕ್ಯಾಂಪು', ಯಾವ ಕ್ಯಾಂಪು ಬರೆದಿಲ್ಲ.
ಇವತ್ತಿಗೆ ಇಪ್ಪತ್ತೇಳು.
ಫೋನು ಮುಂಜಾನಿಂದ ಬಂದ್ ಐತಿ.
ಇನ್ನೊಮ್ಮೆ ಹಚ್ಚತೀನಿ.